ಬಡಾವಣೆಯಲ್ಲಿ ಒಂದು ಸಂಜೆ ಹಾಡು, ಚಿತ್ರ, ಆಟ: ಮೊದಲ ಮಾತಿನಿಂದ ಕಸ ಗುಡಿಸುವವರೆಗೆ

ಬೀದಿಯಲ್ಲೋ ಪಕ್ಕದ ಪಾರ್ಕಿನಲ್ಲೋ ಒಂದು ಸಂಜೆ ಎಲ್ಲ ಸೇರಿ ಏನಾದರೂ ಮಾಡೋಣ ಎಂಬ ಮಾತು ಬಂದ ಕೂಡಲೇ ಯಾರಾದರೂ ಒಬ್ಬರು "ಸ್ಟೇಜ್ ಎಷ್ಟು ದೊಡ್ಡದು ಹಾಕಿಸೋಣ?" ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸ್ಟೇಜ್ ಬಂತು ಅಂದರೆ ಅದರ ಮುಂದೆ ಕುರ್ಚಿ ಬೇಕು, ದೊಡ್ಡ ಸ್ಪೀಕರ್ ಬೇಕು, ಲೈಟು ಬೇಕು, ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಒಬ್ಬ ಮುಖ್ಯ ಅತಿಥಿ ಬೇಕು, ಅತಿಥಿ ಬಂದ ಮೇಲೆ ಭಾಷಣ ತಪ್ಪಿದ್ದಲ್ಲ. ಕೊನೆಗೆ ಹತ್ತು ಜನ ಮೇಲೆ, ಉಳಿದವರು ಕೆಳಗೆ ಕೂತು ಮೊಬೈಲ್ ನೋಡುತ್ತಿರುತ್ತಾರೆ.

ನನ್ನ ಲೆಕ್ಕ ಸರಳ. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಸಂಜೆ ತಾವೇ ಏನಾದರೂ ಮಾಡಿರಬೇಕು. ಒಂದು ಗೆರೆ ಎಳೆದಿರಬೇಕು, ಒಂದು ಸಾಲು ಹಾಡಿರಬೇಕು, ಇಲ್ಲ ಪಕ್ಕದ ಮನೆಯ ಮಗುವಿನ ಜತೆ ಚೆಸ್ ಆಡಿ ಸೋತಿರಬೇಕು. ಕೆಳಗೆ ಹೇಳಿರುವುದೆಲ್ಲ ಈ ಲೆಕ್ಕಕ್ಕೆ ಹೊಂದುವಂಥದ್ದು. ನೂರು, ನೂರೈವತ್ತು ಜನ ಬರುವ ಕಾರ್ಯಕ್ರಮ ಎಂದಿಟ್ಟುಕೊಳ್ಳಿ. ಸಾವಿರ ಜನರ ಉತ್ಸವ ಬೇರೆಯೇ ಕೆಲಸ, ಅದಕ್ಕೆ ಈ ಲೇಖನ ಸಾಲದು.

ಮೊದಲು ಜನ, ಆಮೇಲೆ ಕಾರ್ಯಕ್ರಮ

ಗುಂಪಿನಲ್ಲಿ "ಏನು ಕಾರ್ಯಕ್ರಮ ಇಡೋಣ?" ಎಂದು ಮೆಸೇಜ್ ಹಾಕಿದರೆ ನಾಲ್ಕು ಜನ ಹೆಬ್ಬೆರಳು ತೋರಿಸುತ್ತಾರೆ, ಇಬ್ಬರು ಜಗಳವಾಡುತ್ತಾರೆ, ಅಲ್ಲಿಗೆ ಮುಗೀತು. ಅದರ ಬದಲು ಮನೆಮನೆಗೆ ಹೋಗಿ "ನಿಮಗೆ ಏನು ಬರುತ್ತದೆ?" ಎಂದು ಕೇಳಿ. ಉತ್ತರ ಕೇಳಿ ನೀವೇ ಬೆರಗಾಗುತ್ತೀರಿ. ಫ್ರಾನ್ಸಿನಲ್ಲಿ 1982ರಲ್ಲಿ ಶುರುವಾದ ಸಂಗೀತದ ಹಬ್ಬ ಹುಟ್ಟಿದ್ದೂ ಇಂಥದ್ದೇ ಬೆರಗಿನಿಂದ. ದೇಶದಲ್ಲಿ ಸುಮಾರು 50 ಲಕ್ಷ ಜನ ಯಾವುದಾದರೊಂದು ವಾದ್ಯ ನುಡಿಸುತ್ತಾರೆ ಎಂದು ಸಂಸ್ಕೃತಿ ಇಲಾಖೆಯ ಸಮೀಕ್ಷೆಯಲ್ಲಿ ಗೊತ್ತಾಯಿತು. ಇಷ್ಟು ಜನ ಮನೆಯೊಳಗೆ ನುಡಿಸುತ್ತಿದ್ದಾರಲ್ಲ, ಒಂದು ದಿನ ಬೀದಿಗೆ ಬಂದು ನುಡಿಸಲಿ ಎಂದು ಜೂನ್ 21ನ್ನು ಗೊತ್ತು ಮಾಡಿದರು. ಟಿಕೆಟ್ ಇಲ್ಲ. ಕಲಿತವರು, ಕಲಿಯುತ್ತಿರುವವರು ಎಂಬ ಭೇದವೂ ಇಲ್ಲ. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದೇ ದಿನ ಜನ ಹೀಗೆ ಹೊರಗೆ ಬಂದು ನುಡಿಸುತ್ತಾರೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರಿಗೆ ಏನು ಬರುತ್ತದೆ, ಯಾರ ಮನೆಯಲ್ಲಿ ಏನು ಸಾಮಾನು ಇದೆ, ಯಾರು ಯಾವ ಹೊತ್ತಿಗೆ ಬಿಡುವಾಗಿರುತ್ತಾರೆ ಎಂದು ಬರೆದುಕೊಳ್ಳುತ್ತಾ ಹೋಗಿ. ಹಾಡುವವರನ್ನು ಹುಡುಕುವಷ್ಟೇ ಆಸೆಯಿಂದ ಎಲೆಕ್ಟ್ರಿಷಿಯನ್, ನರ್ಸ್, ಬಡಗಿ, ಲೆಕ್ಕ ಬರೆಯುವವರನ್ನೂ ಹುಡುಕಿ. "ನನಗೇನೂ ಬರಲ್ಲಪ್ಪ" ಎನ್ನುವವರು ಇರುತ್ತಾರಲ್ಲ, ಅವರನ್ನು ಬಿಡಬೇಡಿ. ಇನ್ನೆರಡು ಮಾತಾಡಿದರೆ ಅವರಿಗೆ ಹಳೆಯ ಆಟಗಳೆಲ್ಲ ಗೊತ್ತಿರುತ್ತವೆ, ಇಲ್ಲವೇ ಎಲ್ಲರಿಗಿಂತ ಚೆನ್ನಾಗಿ ಕತೆ ಹೇಳಲು ಬರುತ್ತದೆ.

ಕೆಲಸ ಮಾಡುವ ತಂಡ ಐದರಿಂದ ಏಳು ಜನ ಸಾಕು. ಜಾಗ ಮತ್ತು ಅನುಮತಿ ಒಬ್ಬರದು, ಕರೆಂಟು ಮೈಕು ಒಬ್ಬರದು, ಮಕ್ಕಳ ವಿಭಾಗ ಒಬ್ಬರದು, ದುಡ್ಡು ಒಬ್ಬರದು, ಹೀಗೆ. ಒಂದು ಕೆಲಸಕ್ಕೆ ಒಂದೇ ಹೆಸರು ಇರಲಿ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಎಂದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಇದು ನಿಮಗೂ ಗೊತ್ತು.

ಜಾಗ ನೋಡುವುದು

ಕಾರ್ಯಕ್ರಮ ಶನಿವಾರ ಸಂಜೆ 5ಕ್ಕೆ ಅಂದರೆ ಜಾಗವನ್ನೂ ಒಂದು ಶನಿವಾರ ಸಂಜೆ 5ಕ್ಕೇ ಹೋಗಿ ನೋಡಿ. ಬೆಳಗ್ಗೆ ಹೋಗಿ ನೋಡಿದರೆ ಪ್ರಯೋಜನವಿಲ್ಲ. ಬಿಸಿಲು ಯಾರ ಮುಖಕ್ಕೆ ಹೊಡೆಯುತ್ತದೆ, ಆ ಹೊತ್ತಿಗೆ ಅಲ್ಲಿ ಯಾರು ಕ್ರಿಕೆಟ್ ಆಡುತ್ತಾರೆ, ಗಾಡಿಗಳ ಸದ್ದು ಎಷ್ಟು, ಯಾರ ಮನೆಯ ಕಿಟಕಿ ಎದುರಿಗೇ ಇದೆ, ಎಲ್ಲ ತಿಳಿಯುತ್ತದೆ. ದಿನಾ ಆಡುವ ಹುಡುಗರನ್ನು ಎಬ್ಬಿಸಿ ಓಡಿಸಬೇಡಿ, ಅವರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಳ್ಳಿ. ಹತ್ತಿರದಲ್ಲಿ ಶೌಚಾಲಯ ಇಲ್ಲದಿದ್ದರೆ ಆ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇಡ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದು ಮೂರು ಗಂಟೆ ಕೂರಿಸುತ್ತೀರಿ, ನೆನಪಿರಲಿ.

ರಸ್ತೆಯನ್ನೇ ಬಳಸುವುದಾದರೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ಅಕ್ಕಪಕ್ಕದ ಮನೆಯವರು ಶುರು ಮಾಡಿದ ವಿಧಾನ ನನಗೆ ತುಂಬಾ ಹಿಡಿಸಿದೆ. ಮಕ್ಕಳಿಗೆ ಆಡಲು ಎಂದು ಅನುಮತಿ ಪಡೆದು ಬೀದಿಯನ್ನು ಕೆಲವೇ ಗಂಟೆ ಮುಚ್ಚುತ್ತಾರೆ, ಎರಡೂ ತುದಿಯಲ್ಲಿ ಜಾಕೆಟ್ ತೊಟ್ಟ ಸ್ವಯಂಸೇವಕರು ನಿಲ್ಲುತ್ತಾರೆ. ಆ ಬೀದಿಯಲ್ಲೇ ಮನೆ ಇರುವವರ ಕಾರು ಬಂದರೆ ಇವರು ಮುಂದೆ ನಡೆಯುತ್ತಾರೆ, ಕಾರು ಹಿಂದಿನಿಂದ ನಡಿಗೆಯ ವೇಗದಲ್ಲಿ ಬರುತ್ತದೆ. ಹೀಗಾದರೆ "ನನ್ನ ಮನೆಗೆ ನಾನೇ ಹೋಗಬಾರದಾ?" ಎಂಬ ಜಗಳವೇ ಹುಟ್ಟುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಹೋಗಲು ಸುಮಾರು 4 ಮೀಟರ್ ಅಗಲದ ದಾರಿ ಉದ್ದಕ್ಕೂ ತೆರೆದಿರಬೇಕು. ಅಲ್ಲಿ ಟೇಬಲ್ ಇಡಬಾರದು, ಹಗ್ಗವನ್ನೂ ಕಟ್ಟಬಾರದು.

ಅನುಮತಿ

ಜಾಗದ ಒಡೆತನ ಯಾರದೋ ಅವರಿಂದ, ನಗರಾಡಳಿತದಿಂದ, ಧ್ವನಿವರ್ಧಕಕ್ಕೆ ಮತ್ತು ರಸ್ತೆಗೆ ಪೊಲೀಸರಿಂದ. ನಿಯಮ ಒಂದೊಂದು ಊರಿಗೆ ಒಂದೊಂದು ಥರ, ಆದರೆ ಒಂದೂವರೆ ತಿಂಗಳು ಮೊದಲೇ ಅರ್ಜಿ ಕೊಟ್ಟರೆ ಎಲ್ಲ ಕಡೆಯೂ ಒಳ್ಳೆಯದೇ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿಕೊಳ್ಳಬೇಡಿ. ಬರಹದಲ್ಲಿ ತಗೊಳ್ಳಿ, ಆ ದಿನ ಅದರ ಪ್ರತಿ ಒಬ್ಬರ ಜೇಬಿನಲ್ಲಿರಲಿ.

ಹಾಡಿನ ಹಕ್ಕಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಒಂದು ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆಗೆ ಒಂದು ಹಕ್ಕು, ಅದರ ಧ್ವನಿಮುದ್ರಣಕ್ಕೆ ಇನ್ನೊಂದು ಹಕ್ಕು. ಮೊಬೈಲಿನಿಂದ ಹಾಡು ಹಾಕಿ ಕುಣಿದರೆ ಎರಡೂ ಲೆಕ್ಕಕ್ಕೆ ಬರಬಹುದು, ನೀವೇ ಹಾಡಿದರೆ ಮೊದಲನೆಯದು ಮಾತ್ರ. ಟಿಕೆಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲ ಕಡೆಯೂ ವಿನಾಯಿತಿ ಸಿಗುವುದಿಲ್ಲ. ನಿಮ್ಮಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿ ಕೊಡುವ ಸಂಸ್ಥೆ ಯಾವುದು ಎಂದು ಮೊದಲೇ ವಿಚಾರಿಸಿ. ತಲೆಬಿಸಿ ಬೇಡ ಎಂದರೆ ಸ್ವಂತ ರಚನೆ ಇಲ್ಲವೇ ಕರ್ತೃ ಯಾರೆಂದೇ ಗೊತ್ತಿಲ್ಲದಷ್ಟು ಹಳೆಯ ಹಾಡು ಹಾಡಿಸಿ.

ಒಂದು ವೇದಿಕೆ ಬೇಡ, ನಾಲ್ಕು ಮೂಲೆ ಮಾಡಿ

ಜಾಗವನ್ನು ಮೂಲೆಗಳಾಗಿ ಹಂಚಿಕೊಳ್ಳಿ. ಒಂದು ಕಡೆ ಚಿತ್ರ, ಒಂದು ಕಡೆ ಹಾಡು ಕತೆ, ಒಂದು ಕಡೆ ಓಡಾಡುವ ಆಟ, ಒಂದು ಕಡೆ ಕೂತು ಆಡುವ ಆಟ. ಓಡಾಡುವ ಆಟವನ್ನು ಚಿತ್ರದ ಮೂಲೆಯಿಂದ ದೂರ ಇಡಿ, ಇಲ್ಲದಿದ್ದರೆ ಚೆಂಡು ಬಣ್ಣದ ಬಕೆಟ್ಟಿಗೇ ಬೀಳುತ್ತದೆ, ಬೇರೆಲ್ಲಿಯೂ ಬೀಳುವುದಿಲ್ಲ. ಪ್ರತಿ ಮೂಲೆಗೆ ಬಂದ ಕೂಡಲೇ ಹೇಳಿಸಿಕೊಳ್ಳದೆ ಶುರು ಮಾಡುವಂಥ ಒಂದು ಕೆಲಸ ಇರಬೇಕು. ಚೆಸ್ ಬೋರ್ಡಿನ ಮೇಲೆ ಕಾಯಿ ಆಗಲೇ ಜೋಡಿಸಿರಲಿ, ಕಾಗದದ ಮೇಲೆ ಯಾರೋ ಒಂದು ಗೆರೆ ಆಗಲೇ ಎಳೆದಿರಲಿ. ಖಾಲಿ ಹಾಳೆ ಕಂಡರೆ ದೊಡ್ಡವರು ಹಿಂಜರಿಯುತ್ತಾರೆ.

ಹಾಡಿನ ಮೂಲೆಯಲ್ಲಿ ಒಬ್ಬರಿಗೆ ಹೆಚ್ಚೆಂದರೆ ಹತ್ತು ನಿಮಿಷ, ನಡುವೆ ಐದು ನಿಮಿಷ ಬಿಡುವು. ಈ ಐದು ನಿಮಿಷವನ್ನು ಪಟ್ಟಿಯಲ್ಲೇ ಬರೆಯಿರಿ. ವಾದ್ಯ ತೆಗೆಯುವುದು, ಇನ್ನೊಂದನ್ನು ಇಡುವುದು, ಶ್ರುತಿ ಮಾಡುವುದು, ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಕೊನೆಯಲ್ಲಿ ಹಾಡಬೇಕಾದವರ ಪಾಳಿ ತಪ್ಪಿಹೋಗುತ್ತದೆ, ಅವರು ಮುಂದಿನ ಸಲ ಬರುವುದೇ ಇಲ್ಲ. ಚಿಕ್ಕ ಮಕ್ಕಳ ಪಾಳಿಯನ್ನು ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿ. ಏಳು ಗಂಟೆಗೆ ನಿದ್ದೆ ಬಂದ ಮಗುವಿನ ಕೈಯಲ್ಲಿ ಮೈಕು ಕೊಡುವುದು ಯಾರಿಗೂ ಖುಷಿ ಕೊಡುವುದಿಲ್ಲ. ಪ್ರತಿ ಅರ್ಧ ಗಂಟೆಗೊಮ್ಮೆ ಎಲ್ಲರೂ ಸೇರಿ ಹಾಡುವ ಒಂದು ಹಾಡು ಇಡಿ, ಸಾಲುಗಳನ್ನು ದೊಡ್ಡಕ್ಷರದಲ್ಲಿ ಬರೆದು ನೇತುಹಾಕಿ.

ಸ್ಪರ್ಧೆ, ಬಹುಮಾನ ಇಡಬೇಕೇ? ನಾನಂತೂ ಇಡುವುದಿಲ್ಲ. ಬಹುಮಾನ ಬಂದ ಕೂಡಲೇ ಮಕ್ಕಳ ಚಿತ್ರವನ್ನು ಅಪ್ಪ ಅಮ್ಮ ಬಿಡಿಸಲು ಶುರು ಮಾಡುತ್ತಾರೆ.

ದುಡ್ಡೇ ಇಲ್ಲದಿದ್ದರೆ ಒಂದು ನಡಿಗೆ ಇಡಿ. ಕೆನಡಾದ ಟೊರೊಂಟೊದಲ್ಲಿ 2007ರಲ್ಲಿ, ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಅವರ ನೆನಪಿಗೆ, ಊರಿನ ಸಾಮಾನ್ಯ ಜನರೇ ತಮ್ಮ ಬೀದಿಗಳನ್ನು ತೋರಿಸುತ್ತಾ ಕರೆದೊಯ್ಯುವ ನಡಿಗೆಗಳು ಶುರುವಾದವು. ಆಮೇಲೆ ಬೇರೆ ದೇಶಗಳಿಗೂ ಹಬ್ಬಿದವು. ಬಡಾವಣೆಯ ಹಳಬರೊಬ್ಬರು ಮುಂದೆ, ಇಪ್ಪತ್ತು ಜನ ಹಿಂದೆ, ಒಂದು ಗಂಟೆ. ಇಲ್ಲಿ ಮೊದಲು ಏನಿತ್ತು, ಈ ಮರ ಯಾರು ನೆಟ್ಟದ್ದು, ಅಷ್ಟೇ. ಮೈಕು ಬೇಡ, ಶಾಮಿಯಾನ ಬೇಡ.

ಚಿತ್ರದ ಮೂಲೆ, ಸ್ವಲ್ಪ ಹತ್ತಿರದಿಂದ

ಜನ ಬೇಗ ಬೆರೆಯುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಬಿಡಿ ಹಾಳೆ ಹಂಚಿದರೆ ಪ್ರತಿಯೊಬ್ಬರೂ ತಮ್ಮ ಹಾಳೆ ಹಿಡಿದು ಮೂಲೆ ಸೇರುತ್ತಾರೆ. ಉದ್ದನೆಯ ಕಾಗದದ ಸುರುಳಿ, ಇಲ್ಲವೇ ಹಳೆಯ ಬಿಳಿ ಬಟ್ಟೆ ತಗೊಂಡು ಗೋಡೆಗೋ ಬೇಲಿಗೋ ಕಟ್ಟಿ. ಕೆಳಗಿನ ಅಂಚು ನೆಲದಿಂದ ಒಂದಡಿ ಮೇಲಿರಲಿ. ಮಕ್ಕಳು ಕೆಳಗೆ ಬಿಡಿಸುತ್ತಾರೆ, ದೊಡ್ಡವರು ಮೇಲೆ, ಗಾಲಿಕುರ್ಚಿಯಲ್ಲಿ ಬಂದವರು ನಡುವೆ. ಮೊದಲೇ ಇದ್ದಿಲಿನಿಂದ ಬೀದಿಯ ಮನೆಗಳ, ಮರಗಳ ಹೊರಗೆರೆ ಎಳೆದಿಡಿ. "ಇದು ನಮ್ಮನೆ, ನಾನೇ ಬಣ್ಣ ಹಚ್ಚುತ್ತೇನೆ" ಎಂಬ ಜಗಳ ಶುರುವಾದರೆ ಕೆಲಸ ಅರ್ಧ ಆದಂತೆ.

ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಬಟ್ಟೆಯಿಂದ ಹೋಗುವುದಿಲ್ಲ. ಮಕ್ಕಳಿರುವ ಕಡೆ ನೀರಿನಲ್ಲಿ ತೊಳೆದರೆ ಹೋಗುವ ಪೋಸ್ಟರ್ ಬಣ್ಣವೇ ಸರಿ. ಎಲ್ಲ ಬಣ್ಣ ಇಡಬೇಡಿ. ಕೆಂಪು, ಹಳದಿ, ನೀಲಿ, ಬಿಳಿ ಇಟ್ಟರೆ ಉಳಿದದ್ದನ್ನು ಅವರೇ ಬೆರೆಸಿಕೊಳ್ಳುತ್ತಾರೆ, ಆ ಬೆರೆಸುವ ಆಟದಲ್ಲೇ ಅರ್ಧ ಖುಷಿ ಇದೆ. ಎಂಟು ಹತ್ತು ಹಸಿರು ಮಾಡಿಕೊಂಡು ಯಾವುದು ಎಲೆಗೆ ಸರಿ ಎಂದು ವಾದ ಮಾಡುವ ಅಜ್ಜ ಮೊಮ್ಮಗಳನ್ನು ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಬ್ರಷ್‌ಗಳು ದಪ್ಪದಾಗಿರಲಿ, ಒಂದಿಂಚಿನವು. ತೊಳೆಯಲು ಎರಡು ಬಕೆಟ್ ಇಡಿ, ಮೊದಲನೆಯದು ಕೊಳೆ ತೆಗೆಯಲು, ಎರಡನೆಯದು ಚೊಕ್ಕ ಮಾಡಲು. ಬಣ್ಣದ ನೀರನ್ನು ಮಳೆನೀರಿನ ಮೋರಿಗೆ ಸುರಿಯಬೇಡಿ, ಅದು ನೇರ ಕೆರೆಗೋ ಹೊಳೆಗೋ ಹೋಗುತ್ತದೆ. ಮನೆಯ ಒಳಚರಂಡಿಗೆ ಹಾಕಿ. ಬಿಡಿ ಹಾಳೆ ಇಟ್ಟರೆ ಒಣಗಿಸಲು ಹಗ್ಗ, ಬಟ್ಟೆ ಕ್ಲಿಪ್ಪು ಬೇಕೇ ಬೇಕು. ಗಾಳಿಗೆ ಹಾರದಂತೆ ನಾಲ್ಕು ಕಲ್ಲು ಬೇಕು.

ಮುಖಕ್ಕೆ ಬಣ್ಣ ಹಚ್ಚುವುದಾದರೆ ಚಿತ್ರದ ಬಣ್ಣ ಹಚ್ಚಲೇಬಾರದು. ಚರ್ಮಕ್ಕೆ ಎಂದೇ ಮಾಡಿದ ಬಣ್ಣ ತನ್ನಿ, ಒಂದು ಮಗುವಿಗೆ ಬಳಸಿದ ಸ್ಪಂಜನ್ನು ಇನ್ನೊಂದಕ್ಕೆ ಬಳಸಬೇಡಿ, ಗಾಯ ಅಥವಾ ಕಜ್ಜಿ ಇದ್ದರೆ ಹಚ್ಚಬೇಡಿ.

ಮೈಕು ಮತ್ತು ಕಿವಿ

ಕಾರ್ಯಕ್ರಮ ಕೆಡುವುದು ಇಲ್ಲೇ ಜಾಸ್ತಿ, ಬೀದಿಯ ವಿರೋಧ ಹುಟ್ಟುವುದೂ ಇಲ್ಲೇ. ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಒಂದೇ ಸ್ಪೀಕರ್‌ನಿಂದ ಹಿಂದಿನ ಸಾಲಿಗೂ ಕೇಳಿಸಬೇಕು ಎಂದು ಹೊರಟರೆ ಮುಂದಿನ ಸಾಲಿನವರ ಕಿವಿ ಹೋಗುತ್ತದೆ. ಅದಕ್ಕೇ ಜನರನ್ನು ಹತ್ತಿರ ಕೂರಿಸಿ, ಸದ್ದು ಕಮ್ಮಿ ಇಡಿ. ಐವತ್ತು ಜನ ಅರ್ಧಚಂದ್ರದ ಹಾಗೆ ಕೂತರೆ ಚಾಪೆಯ ಮೇಲೆ ಕೂತು ಕತೆ ಹೇಳುವವರಿಗೆ ಮೈಕೇ ಬೇಡ.

ಹಿಂದೆ ಕೂತವರಿಗಾಗಿ ಇನ್ನೊಂದು ಸ್ಪೀಕರ್ ದೂರದಲ್ಲಿ ಇಟ್ಟರೆ ಆಗದೇ? ಆಗುತ್ತದೆ, ಆದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಎರಡು ಸ್ಪೀಕರ್ ನಡುವೆ 34 ಮೀಟರ್ ಇದ್ದರೆ ಹಿಂದಿನವರಿಗೆ ಹತ್ತಿರದ್ದು ಮೊದಲು, ದೂರದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಪ್ರತಿ ಮಾತೂ ಎರಡೆರಡು ಸಲ ಕೇಳಿದ ಹಾಗೆ. ಹಿಂದಿನ ಸ್ಪೀಕರನ್ನು ಅಷ್ಟು ತಡವಾಗಿ ನುಡಿಸುವ ಯಂತ್ರ ಮತ್ತು ಅದು ಗೊತ್ತಿರುವವರು ಇದ್ದರೆ ಸರಿ, ಇಲ್ಲದಿದ್ದರೆ ಆ ಆಸೆ ಬಿಡಿ.

ಇನ್ನು ಆ ಕೀಂ ಎಂಬ ಕೂಗು. ಸ್ಪೀಕರ್‌ನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ, ದೊಡ್ಡದಾಗಿ, ಮತ್ತೆ ಸ್ಪೀಕರ್‌ಗೆ ಬಂದು ಸುತ್ತುವುದರಿಂದ ಅದು ಹುಟ್ಟುತ್ತದೆ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದು, ಹಿಡಿಕೆಯನ್ನು ಹಿಡಿಯಬೇಕು. ಬಾಯಿಗೆ ಮೂರು ನಾಲ್ಕು ಬೆರಳಿನಷ್ಟು ಹತ್ತಿರ ಸಾಕು. ಬಳಸದ ಮೈಕುಗಳನ್ನು ಪೂರ್ತಿ ಇಳಿಸಿಡಿ. ಮೈಕನ್ನು ಬೆರಳಿನಿಂದ ಬಡಿದು "ಹಲೋ ಹಲೋ" ಅನ್ನುವವರಿಗೆ ಪ್ರೀತಿಯಿಂದ ಹೇಳಿ, ಸುಮ್ನೆ ಮಾತಾಡಿದರೂ ಪರೀಕ್ಷೆ ಆಗುತ್ತದೆ.

ಗೋಡೆ ದಾಟಿ ಪಕ್ಕದ ಮನೆಯ ಕೋಣೆಗೆ ಹೋಗುವುದು ದಪ್ಪ ಸ್ವರ, ಆ ಧಂ ಧಂ. ಅದನ್ನು ಇಳಿಸಿದರೆ ಅರ್ಧ ದೂರು ಕಮ್ಮಿ. ಸ್ಪೀಕರ್ ಮುಖ ಕಿಟಕಿಗಳಿಗೆ ಬೇಡ. ಮುಗಿಯುವ ಹೊತ್ತನ್ನು ಮೊದಲೇ ಬರೆದು ಎದುರು ಮನೆಯವರಿಗೆ ಕೊಡಿ, ಆ ಹೊತ್ತಿಗೆ ನಿಲ್ಲಿಸಿಬಿಡಿ. ಒಂದು ಹಾಡು ಬಾಕಿ ಇದ್ದರೂ ಸರಿಯೇ.

ಕರೆಂಟು

ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಆದರೂ ಲೆಕ್ಕ ನಿಮಗೆ ಗೊತ್ತಿರಲಿ. ಎಲ್ಲ ಸಾಮಾನಿನ ವಾಟ್ ಕೂಡಿ, ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ವೋಲ್ಟ್ ಇರುವ ಕಡೆ 2300 ವಾಟ್ ಅಂದರೆ 10 ಆಂಪಿಯರ್. ಒಂದು ಮನೆಯ ಒಂದು ಪ್ಲಗ್ಗಿನಿಂದ ಎಲ್ಲ ಎಳೆಯಲು ಹೋಗಬೇಡಿ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ್ದಂತೆಯೇ ಬಳಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸಾಧನ ಇರಲಿ. ನಡೆಯುವ ದಾರಿಗೆ ಅಡ್ಡ ಹೋಗುವ ವೈರಿಗೆ ಹೊದಿಕೆ ಬೇಕು. ಜನರೇಟರ್ ತಂದರೆ ಬಯಲಿನಲ್ಲಿ, ಜನರಿಂದ ದೂರ ಇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಹಾಗಾಗಿ ಮುಚ್ಚಿದ ಜಾಗದಲ್ಲಂತೂ ಬೇಡವೇ ಬೇಡ.

ಎಲ್ಲರೂ ಬರುವಂತೆ

ಒಂದೇ ಒಂದು ಮೆಟ್ಟಿಲು ಸಾಕು, ಗಾಲಿಕುರ್ಚಿಯವರು ಅಲ್ಲಿಂದಲೇ ವಾಪಸ್. ಇಳಿಜಾರು ಹಲಗೆ ಹಾಕಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅದಕ್ಕಿಂತ ಕಡಿದಾದರೆ ತಳ್ಳುವವರಿಗೂ ಕಷ್ಟ. ದಾರಿ 90 ಸೆಂಟಿಮೀಟರ್ ಅಗಲವಾದರೂ ಇರಲಿ. ಒರಗುವ ಕುರ್ಚಿಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಪ್ರತಿ ಮೂಲೆಯಲ್ಲೂ ನಾಲ್ಕೈದು ಇಡಿ. ಗದ್ದಲ ತಡೆಯದ ಮಕ್ಕಳಿಗೆ, ಹಾಲುಣಿಸುವ ತಾಯಂದಿರಿಗೆ ಮರೆಯಾದ ಒಂದು ಶಾಂತ ಜಾಗ ಬೇಕು.

ಮಕ್ಕಳ ಫೋಟೊ ತೆಗೆದು ಹಾಕುವ ಮೊದಲು ಮನೆಯವರನ್ನು ಕೇಳಿ. ಬೇಡ ಎಂದವರ ಮಕ್ಕಳ ತೋಳಿಗೆ ಒಂದು ಬಣ್ಣದ ಪಟ್ಟಿ ಕಟ್ಟಿದರೆ ಫೋಟೊ ತೆಗೆಯುವವರಿಗೆ ಗೊತ್ತಾಗುತ್ತದೆ.

ದುಡ್ಡು, ಪ್ರಚಾರ

ಸಾಮಾನು ಎರವಲು ಸಿಕ್ಕಷ್ಟೂ ದುಡ್ಡು ಕಮ್ಮಿ ಬೇಕು. ಬಂದ ದುಡ್ಡು ಒಬ್ಬರ ಕೈಯಲ್ಲಿ, ಲೆಕ್ಕ ಇನ್ನೊಬ್ಬರ ಕೈಯಲ್ಲಿ ಇರಲಿ. ಖರ್ಚಿನ ಪಟ್ಟಿಯನ್ನು ರಸೀದಿ ಸಮೇತ ಎಲ್ಲರಿಗೂ ಕಾಣುವಂತೆ ಹಾಕಿ. ಪ್ರಾಯೋಜಕರು ಬ್ಯಾನರ್ ಕೇಳಿದರೆ ಒಂದು ಬ್ಯಾನರ್, ಮೈಕು ಕೇಳಿದರೆ ಇಲ್ಲ.

ಪೋಸ್ಟರಿನಲ್ಲಿ ಏನು, ಎಲ್ಲಿ, ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಉಚಿತವೇ, ಇಷ್ಟು ದೊಡ್ಡದಾಗಿರಲಿ. ಹತ್ತು ಜನರ ಹೆಸರು, ಫೋಟೊ ಬೇಡ. ಬಾಡಿಗೆ ಮನೆಯವರು, ಹೊಸದಾಗಿ ಬಂದವರು, ಮನೆಗೆಲಸದವರು, ಕಾವಲುಗಾರರ ಮಕ್ಕಳು ಯಾವ ಗುಂಪಿನಲ್ಲೂ ಇರುವುದಿಲ್ಲ. ಅವರನ್ನು ಬಾಗಿಲಿಗೆ ಹೋಗಿಯೇ ಕರೆಯಬೇಕು, "ನೀವು ಬನ್ನಿ" ಎನ್ನುವುದಕ್ಕಿಂತ "ಈ ಕೆಲಸಕ್ಕೆ ನೀವು ಬೇಕು" ಎಂದರೆ ಖಂಡಿತ ಬರುತ್ತಾರೆ.

ಆ ದಿನ

ಎರಡು ಗಂಟೆ ಮೊದಲೇ ಹೋಗಿ. ಮೊದಲು ಕರೆಂಟು, ಆಮೇಲೆ ಮೈಕು, ಕೊನೆಗೆ ಅಲಂಕಾರ. ಬಹಳ ಕಡೆ ಇದು ಉಲ್ಟಾ ಆಗುತ್ತದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿದೆ, ತಪ್ಪಿಹೋದ ಮಗುವನ್ನು ಎಲ್ಲಿಗೆ ಕರೆತರಬೇಕು ಎಂದು ಎಲ್ಲ ಸ್ವಯಂಸೇವಕರಿಗೂ ಗೊತ್ತಿರಬೇಕು. ಮಗು ಸಿಕ್ಕರೆ ಅದರ ಹೆಸರನ್ನು ಮೈಕಿನಲ್ಲಿ ಕೂಗಬೇಡಿ, "ಮಗುವನ್ನು ಹುಡುಕುತ್ತಿರುವವರು ಇಲ್ಲಿಗೆ ಬನ್ನಿ" ಎಂದರೆ ಸಾಕು. ಹುಡುಕಿಕೊಂಡು ಬಂದವರು ಮಗುವಿನ ಹೆಸರು, ಬಟ್ಟೆ ಹೇಳಲಿ, ಆಮೇಲೆ ಒಪ್ಪಿಸಿ.

ಮಳೆ ಬಂದರೆ ಏನು ಎಂಬ ತೀರ್ಮಾನ ಆ ದಿನ ಮಧ್ಯಾಹ್ನ ಒಂದು ಹೊತ್ತಿಗೆ ಒಬ್ಬರೇ ತಗೊಳ್ಳಲಿ, ಗುಂಪಿನಲ್ಲಿ ಮತ ಹಾಕುತ್ತಾ ಕೂರಬೇಡಿ. ಗುಡುಗು ಕೇಳಿಸಿದರೆ ಮಾತ್ರ ಯೋಚನೆಯೇ ಬೇಡ. ಎಲ್ಲರೂ ಕಟ್ಟಡದೊಳಗೆ ಹೋಗಬೇಕು, ಶಾಮಿಯಾನ, ಮರ ಲೆಕ್ಕಕ್ಕಿಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಹೊರಗೆ ಬರಬಾರದು.

ಮುಗಿದ ಮೇಲೆ

ಗುಡಿಸುವ ಕೆಲಸಕ್ಕೆ ಮೊದಲೇ ಹೆಸರು ಬರೆದಿಡಿ, ಅದೂ ಆಗ ತಾನೇ ಬಂದ ಬೇರೆ ಜನರದು. ಮಧ್ಯಾಹ್ನದಿಂದ ನಿಂತವರಿಗೆ ಅಷ್ಟು ಹೊತ್ತಿಗೆ ಕಾಲು ಇರುವುದಿಲ್ಲ. ಎರವಲು ತಂದ ಸಾಮಾನನ್ನು ಮರುದಿನ ಬೆಳಗ್ಗೆಯೇ ಹಿಂತಿರುಗಿಸಿ. ಆ ದೊಡ್ಡ ಚಿತ್ರವನ್ನು ಸುತ್ತಿಟ್ಟು ಮರೆಯಬೇಡಿ, ಮೆಟ್ಟಿಲ ಬಳಿಯೋ ಓದುವ ಕೋಣೆಯಲ್ಲೋ ಎಲ್ಲರೂ ಓಡಾಡುವ ಕಡೆ ನೇತುಹಾಕಿ.

ಒಂದು ವಾರದೊಳಗೆ ತಂಡದವರು ಒಮ್ಮೆ ಕೂತು ಯಾವ ಮೂಲೆ ಖಾಲಿ ಇತ್ತು, ಯಾವುದಕ್ಕೆ ಸಾಲು ನಿಂತಿತ್ತು, ಏನು ಸಾಲಲಿಲ್ಲ, ಏನು ಉಳಿಯಿತು ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ದೂರು ಹೇಳಿದ ಎದುರು ಮನೆಯವರನ್ನೂ ಆ ಸಭೆಗೆ ಕರೆಯಿರಿ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 1974ರಿಂದ ಭಾನುವಾರ ಬೆಳಗ್ಗೆ ದೊಡ್ಡ ರಸ್ತೆಗಳಿಗೆ ಗಾಡಿ ಬಿಡದೆ ಜನ ಸೈಕಲ್ ಹೊಡೆಯಲು, ಓಡಾಡಲು ಬಿಡುತ್ತಾರೆ. ಈಗ ಹಾಗೆ ಬಿಡುವ ರಸ್ತೆಗಳ ಉದ್ದ ನೂರು ಕಿಲೋಮೀಟರ್ ದಾಟಿದೆ. ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಹಾಗಾಗಿ ಯಾರೂ ಯಾರನ್ನೂ "ಯಾವಾಗ?" ಎಂದು ಕೇಳಬೇಕಾಗಿಲ್ಲ. ನೀವೂ ವರ್ಷಕ್ಕೊಂದು ದೊಡ್ಡದು ಮಾಡುವ ಬದಲು ತಿಂಗಳಿಗೊಂದು ಚಿಕ್ಕದು ಇಟ್ಟುಕೊಳ್ಳಿ, ಪ್ರತಿ ತಿಂಗಳ ಎರಡನೇ ಶನಿವಾರ ಅಂತ. ಮುಂದಿನ ದಿನಾಂಕವನ್ನು ಆ ಸಭೆಯಲ್ಲೇ ಗೊತ್ತು ಮಾಡಿ, ಬಣ್ಣದ ಡಬ್ಬಿಗಳ ಮುಚ್ಚಳ ಸರಿಯಾಗಿ ಬಿಗಿದು ಯಾರ ಮನೆಯಲ್ಲಿ ಇಡುವುದು ಎಂದು ತೀರ್ಮಾನ ಮಾಡಿ.